ಮೂವತ್ತು-ನಲವತ್ತರ ಸೈಟು, ಒಂದು ರಾತ್ರಿಯ ಮಳೆ: ಮನೆ ಕಟ್ಟುವ ಮುಂಚೆ ಹಾಕಬೇಕಾದ ಲೆಕ್ಕ

ನಮ್ಮ ಚಿಕ್ಕಪ್ಪನ ಮಗ ಮೈಸೂರಿನ ರಿಂಗ್ ರಸ್ತೆಯಾಚೆ ಒಂದು ಲೇಔಟಿನಲ್ಲಿ ಮನೆ ಕಟ್ಟಿಸಿದ. ಫೆಬ್ರವರಿಯಲ್ಲಿ ಗೃಹಪ್ರವೇಶ. ಏಪ್ರಿಲ್ ಹೊತ್ತಿಗೆ ಮಹಡಿ ಕೋಣೆಯಲ್ಲಿ ಮಲಗಲಾಗದೆ ಮಕ್ಕಳು ಕೆಳಗಿನ ಹಾಲಿಗೆ ಚಾಪೆ ತಂದರು. ಮೇ ತಿಂಗಳಲ್ಲಿ ಒಂದು ರಾತ್ರಿ ಮಳೆ ಹೊಡೆಯಿತು. ಬೆಳಗಿನ ಜಾವ ನಾಲ್ಕಕ್ಕೆ ಫೋನು. ಹೋಗಿ ನೋಡಿದರೆ ಹಾಲಿನಲ್ಲಿ ಪಾದ ಮುಳುಗುವಷ್ಟು ನೀರು. ಅದು ಮುಂಬಾಗಿಲಿನಿಂದ ಬಂದಿರಲಿಲ್ಲ, ಬಚ್ಚಲಿನ ಜಾಲರಿಯಿಂದ ಉಕ್ಕಿತ್ತು. ಸೋಫಾದ ಕಾಲಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ.

ಬೆಳಗಾದ ಮೇಲೆ ಪಕ್ಕದ ಹಳ್ಳಿಯ ಯಜಮಾನರೊಬ್ಬರು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು ನಿಂತು ನೋಡಿದರು. "ಇದು ಕೆರೆ ಕೆಳಗ್ಲ ಗದ್ದೆ ಕನಪ್ಪ. ನಾನೇ ಇಲ್ಲಿ ಭತ್ತ ನಾಟಿ ಹಾಕಿವ್ನಿ" ಅಂದರು. ಸೈಟು ಕೊಳ್ಳುವಾಗ ವಕೀಲರ ಹತ್ತಿರ ಕಾಗದಪತ್ರ ತೋರಿಸಿದ್ದ, ಬ್ಯಾಂಕಿನವರು ನೋಡಿದ್ದರು, ವಾಸ್ತು ಹೇಳುವವರನ್ನೂ ಕರೆಸಿದ್ದ. ಈ ಯಜಮಾನರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮೈಸೂರು, ಮಂಡ್ಯದ ಸುತ್ತ ಹೊಲ ಗದ್ದೆಗಳು ಲೇಔಟುಗಳಾಗುತ್ತಿವೆ. ಬಿಸಿಲು, ಮಳೆ ಎರಡೂ ಹಳೆಯ ಅಂದಾಜು ಮೀರುತ್ತಿವೆ. ಜೀವನದಲ್ಲಿ ಒಂದೇ ಸಲ ಮನೆ ಕಟ್ಟುವವರು ಇದರ ಬಗ್ಗೆ ಏನೇನು ತಿಳಿದಿರಬೇಕು ಅನ್ನುವುದನ್ನು ಬುಡದಿಂದ ನೋಡೋಣ.

ಹವಾಮಾನ ಬದಲಾಗಿದೆ ಅಂದರೆ ಏನು?

ನಮ್ಮ ಅಜ್ಜಂದಿರು ಮಳೆಗಳಿಗೆ ಹೆಸರಿಟ್ಟು ಲೆಕ್ಕ ಇಡುತ್ತಿದ್ದರು. ಭರಣಿ, ಕೃತ್ತಿಕೆ, ಹಸ್ತ, ಚಿತ್ತೆ. ಯಾವುದು ಎಷ್ಟು ಬರುತ್ತದೆ, ಯಾವುದು ಕೈ ಕೊಡುತ್ತದೆ ಅನ್ನುವುದು ಅನುಭವದಿಂದ ಗೊತ್ತಿತ್ತು. ಒಂದು ದಿನದ ಮಳೆ ಬಿಸಿಲು ಬೇರೆ, ಹತ್ತಾರು ವರ್ಷಗಳ ಈ ರೂಢಿ ಬೇರೆ. ಪತ್ರಿಕೆಗಳು ಹವಾಮಾನ ಬದಲಾವಣೆ ಅಂತ ಬರೆಯುವುದು ಈ ರೂಢಿ ತಪ್ಪುತ್ತಿರುವುದಕ್ಕೆ.

ಕಾರಣ ಅರ್ಥ ಮಾಡಿಕೊಳ್ಳುವುದು ಕಷ್ಟವೇನಲ್ಲ. ಗಾಳಿಯನ್ನು ಒಂದು ಕೊಳದಪ್ಪಲೆ ಅಂದುಕೊಳ್ಳಿ. ಗಾಳಿ ಬಿಸಿಯಾದಷ್ಟೂ ಈ ಪಾತ್ರೆ ಹಿಗ್ಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಗಾಳಿ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಪಾತ್ರೆ ದೊಡ್ಡದಾದರೆ ತುಂಬಲು ಹೆಚ್ಚು ಹೊತ್ತು ಬೇಕು, ಹಾಗಾಗಿ ಎರಡು ಮಳೆಯ ನಡುವಿನ ಬಿಡುವು ಉದ್ದವಾಗಬಹುದು. ಮಗುಚಿದಾಗ ಮಾತ್ರ ಮೊದಲಿಗಿಂತ ಜಾಸ್ತಿ ಸುರಿಯುತ್ತದೆ. ಬರವೂ ನೆರೆಯೂ ಒಂದೇ ಕಾರಣದಿಂದ ಹೆಚ್ಚುವುದು ಹೀಗೆ. 2022ರ ಆಗಸ್ಟಿನಲ್ಲಿ ರಾಮನಗರದ ಹತ್ತಿರ ಮೈಸೂರು-ಬೆಂಗಳೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿತ್ತು. ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು.

ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಮೇ ತಿಂಗಳಲ್ಲಿ ಒಂದು ಸುತ್ತು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು ಸುತ್ತು ಜೋರು. ಮನೆ ಕಟ್ಟುವವರಿಗೆ ವರ್ಷದ ಮೊತ್ತಕ್ಕಿಂತ ಒಂದು ಗಂಟೆಯಲ್ಲಿ, ಒಂದು ರಾತ್ರಿಯಲ್ಲಿ ಎಷ್ಟು ಬೀಳುತ್ತದೆ ಅನ್ನುವುದೇ ಮುಖ್ಯ. ಮೋರಿ ತುಂಬುವುದು ಆ ಗಂಟೆಯ ಮಳೆಗೆ.

ಇಲ್ಲೊಂದು ಸುಲಭದ ಲೆಕ್ಕ ಇದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. 30-40ರ ಸೈಟು ಅಂದರೆ 1,200 ಚದರ ಅಡಿ, ಸುಮಾರು 111 ಚದರ ಮೀಟರ್. ಒಂದು ರಾತ್ರಿ 100 ಮಿಲಿಮೀಟರ್ ಸುರಿದರೆ ನಿಮ್ಮ ಸೈಟಿನ ಮೇಲೆಯೇ 11,000 ಲೀಟರ್ ಬಿತ್ತು. ಆರು ಸಾವಿರ ಲೀಟರಿನ ಟ್ಯಾಂಕರ್ ಎರಡು ತಂದು ಅಂಗಳಕ್ಕೆ ಸುರಿದ ಹಾಗೆ. ಇನ್ನೂರು ಸೈಟಿನ ಲೇಔಟಿಗೆ 22 ಲಕ್ಷ ಲೀಟರ್, ಅದೂ ರಸ್ತೆ, ಪಾರ್ಕು ಬಿಟ್ಟು. ಗದ್ದೆಯಾಗಿದ್ದಾಗ ಬದುಗಳ ಮಧ್ಯೆ ನಿಂತು ನಿಧಾನಕ್ಕೆ ಇಂಗುತ್ತಿದ್ದ ನೀರು ಈಗ ಸಿಮೆಂಟು, ಡಾಂಬರಿನ ಮೇಲೆ ಒಂದೇ ಉಸಿರಿಗೆ ಓಡುತ್ತದೆ.

ನೂರು ವರ್ಷಕ್ಕೊಮ್ಮೆ ಬರುವ ಮಳೆ ಮತ್ತು ಚೌಕಾಬಾರ

"ಇಂಥ ಮಳೆ ನೂರು ವರ್ಷಕ್ಕೊಂದು ಸಲ" ಅನ್ನುವ ಮಾತು ಪ್ರತಿ ನೆರೆಯ ನಂತರ ಕೇಳಿಬರುತ್ತದೆ. ಈಗ ಬಂದಾಯಿತಲ್ಲ, ಇನ್ನು ನೂರು ವರ್ಷ ನಿಶ್ಚಿಂತೆ ಅಂತ ಅದಕ್ಕೆ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಅಂಥ ಮಳೆ ಬರುವ ಸಾಧ್ಯತೆ ನೂರಕ್ಕೆ ಒಂದು ಅಂತ ಮಾತ್ರ.

ಚೌಕಾಬಾರ ಆಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಬಾರ ಬೀಳುವುದು ಅಪರೂಪ. ಆದರೆ ಈಗಷ್ಟೇ ಬಾರ ಬಿತ್ತು ಅಂತ ಕವಡೆಗೆ ನೆನಪಿರುವುದಿಲ್ಲ, ಮುಂದಿನ ಆಟಕ್ಕೇ ಮತ್ತೆ ಬೀಳಬಹುದು. ಆಟ ಜಾಸ್ತಿ ಆಡಿದಷ್ಟೂ ಬೀಳುವ ಸಂಭವವೂ ಜಾಸ್ತಿ. ಮನೆ ಅರವತ್ತು ವರ್ಷ ನಿಲ್ಲಬೇಕು ಅಂದರೆ ಅರವತ್ತು ಸಲ ಕವಡೆ ಹಾಕಿದ ಹಾಗೆ. ವರ್ಷಕ್ಕೆ ನೂರಕ್ಕೊಂದರ ಮಳೆಯನ್ನು ಆ ಮನೆ ಒಮ್ಮೆಯಾದರೂ ಕಾಣುವ ಸಾಧ್ಯತೆ ಸುಮಾರು 45 ಪರ್ಸೆಂಟ್. ಗಾಳಿ ಬಿಸಿಯಾಗಿ ಅದೇ ಮಳೆ ಐವತ್ತು ವರ್ಷಕ್ಕೊಮ್ಮೆ ಬರುವಂತಾದರೆ ಆ ಲೆಕ್ಕ 70ಕ್ಕೆ ಹಾರುತ್ತದೆ. "ನಾನು ಹತ್ತು ವರ್ಷದಿಂದ ನೋಡ್ತಿದೀನಿ, ಇಲ್ಲಿ ಯಾವತ್ತೂ ನೀರು ನಿಂತಿಲ್ಲ" ಅನ್ನುವ ಬ್ರೋಕರ್ ಮಾತು ಸುಳ್ಳೇ ಆಗಿರಬೇಕಿಲ್ಲ. ಹತ್ತು ಆಟದ ಅನುಭವ ಅಷ್ಟೇ ಅದು.

ನೀರು ಮೊದಲು ಎಲ್ಲಿ ಹರಿಯುತ್ತಿತ್ತು?

ಮೈಸೂರು ಒಂದು ದಿಣ್ಣೆಯ ಬೆನ್ನ ಮೇಲೆ ಕೂತ ಊರು. ಬಡಗಲ ಕಡೆ ಬಿದ್ದ ನೀರು ಕಾವೇರಿಗೆ, ತೆಂಕಲ ಕಡೆಯದು ಕಪಿಲೆಗೆ, ಅಂದರೆ ಕಬಿನಿ ಹೊಳೆಗೆ, ಇಳಿಯುತ್ತದೆ. ಇಳಿಯುವ ದಾರಿಯಲ್ಲೇ ಕೆರೆಗಳ ಸಾಲು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು, ಹಳ್ಳ ಹಿಡಿದು ಕೆಳಗಿನ ಕೆರೆಗೆ. ಕೆರೆ ಏರಿಯ ಕೆಳಗೆ ಅಚ್ಚುಕಟ್ಟು, ಅಂದರೆ ಆ ಕೆರೆ ನೀರು ಉಣ್ಣುವ ಗದ್ದೆ. ಈ ನಕ್ಷೆ ನಮ್ಮ ತಲೆಯಿಂದ ಅಳಿಸಿಹೋಗಿದೆ, ನೀರಿನ ತಲೆಯಿಂದ ಹೋಗಿಲ್ಲ.

ಊರ ಹೆಸರುಗಳಲ್ಲೇ ಸುಳಿವಿದೆ. ದಸರಾ ವಸ್ತುಪ್ರದರ್ಶನ ನಡೆಯುವ ಜಾಗದ ಹೆಸರು ದೊಡ್ಡಕೆರೆ ಮೈದಾನ. ಪೇಟೆ ನಡುವೆ ಸುಬ್ಬರಾಯನಕೆರೆ ಇದೆ, ಕೆರೆ ಇಲ್ಲ. ಜೀವರಾಯನಕಟ್ಟೆ ಇದೆ, ಕಟ್ಟೆಯಲ್ಲಿ ನೀರಿಲ್ಲ. ನೀವು ನೋಡುತ್ತಿರುವ ಸೈಟಿನ ಸುತ್ತಮುತ್ತ ಕೆರೆ, ಕಟ್ಟೆ, ಹಳ್ಳ, ಕೋಡಿ ಅನ್ನುವ ಹೆಸರು ಕೇಳಿಬಂದರೆ ಒಂದು ಗಳಿಗೆ ನಿಂತು ವಿಚಾರಿಸುವುದು ಒಳ್ಳೆಯದು.

ಕಾಗದದಲ್ಲೂ ಇದನ್ನು ಹಿಡಿಯಬಹುದು. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ, ಕೆರೆ ಅಂಗಳ ಗುರುತು ಹಾಕಿರುತ್ತಾರೆ. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಅಂತ ಒಂದು ಕಾಲಂ ಇದೆ. ಬಿ ಖರಾಬು ಅಂದರೆ ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಜಾಗ. ನಿಮ್ಮ ಸರ್ವೆ ನಂಬರಿನಲ್ಲಿ ಬಿ ಖರಾಬು ಇದ್ದರೆ ಅದು ಎಲ್ಲಿ ಹಾದುಹೋಗುತ್ತದೆ ಅಂತ ನೋಡಿಕೊಳ್ಳಬೇಕು. ಸರ್ಕಾರದ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿ ಹಾಕಿಕೊಂಡು ಸೈಟಿನಲ್ಲಿ ನಿಂತರೆ ಆ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕಾಲು ಗಂಟೆಯ ಕೆಲಸ. ಎ ಖಾತೆ, ಇ-ಖಾತೆ, ಅನ್ಯಕ್ರಾಂತ (ಹೊಲ ಗದ್ದೆಯನ್ನು ಬೇರೆ ಬಳಕೆಗೆ ಬದಲಾಯಿಸಿದ ಆದೇಶ) ಎಲ್ಲ ಸರಿಯಿದ್ದರೆ ಜಾಗದ ದಾಖಲೆ ಕಾನೂನಿನ ಪ್ರಕಾರ ಕ್ರಮವಾಗಿದೆ ಅಂತ ಗೊತ್ತಾಗುತ್ತದೆ. ಅಲ್ಲಿ ನೀರು ನಿಲ್ಲುತ್ತದೋ ಇಲ್ಲವೋ ಅನ್ನುವುದನ್ನು ಆ ಕಾಗದಗಳು ಹೇಳುವುದಿಲ್ಲ, ಹೇಳುವುದಕ್ಕೆ ಮಾಡಿದ್ದೂ ಅಲ್ಲ.

ಇನ್ನೊಂದು ಪರೀಕ್ಷೆಗೆ ಕಾಸು ಬೇಡ, ಕೊಡೆ ಸಾಕು. ಸೈಟನ್ನು ಜೋರು ಮಳೆ ಬರುವಾಗ ನೋಡಿ ಬನ್ನಿ. ನಮ್ಮ ಕಡೆ ಎಲ್ಲರೂ ಭಾನುವಾರ, ಬಿಸಿಲಲ್ಲಿ, ಒಳ್ಳೇ ಬಟ್ಟೆ ಹಾಕಿಕೊಂಡು ಸೈಟು ನೋಡಲು ಹೋಗುತ್ತೇವೆ.

ನದಿ ಪಕ್ಕದ ಲೆಕ್ಕವೇ ಬೇರೆ. ಅಲ್ಲಿ ನೆರೆ ಬರಲು ನಿಮ್ಮೂರಲ್ಲಿ ಮಳೆ ಬರಬೇಕಂತಿಲ್ಲ. ಕೊಡಗು, ವಯನಾಡಿನಲ್ಲಿ ಸುರಿದರೆ ಕೃಷ್ಣರಾಜಸಾಗರ, ಕಬಿನಿ ತುಂಬಿ ನೀರು ಬಿಡುತ್ತಾರೆ. 2018 ಮತ್ತು 2019ರಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಹತ್ತಿರ ಮಲ್ಲನಮೂಲೆ ಬಳಿ ಮೈಸೂರು-ಊಟಿ ರಸ್ತೆಯೇ ಬಂದ್ ಆಗಿತ್ತು. ಶ್ರೀರಂಗಪಟ್ಟಣ, ನಂಜನಗೂಡು, ತಿ. ನರಸೀಪುರದ ಕಡೆ ಹೊಳೆ ನೋಟದ ಸೈಟು ಕೊಳ್ಳುವವರು ಆ ಎರಡು ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಊರವರನ್ನು ಕೇಳಬೇಕು.

ಮಣ್ಣು ಉಸಿರಾಡುತ್ತದೆ

ಮನೆಯ ಭಾರವನ್ನೆಲ್ಲ ಹೊರುವುದು ಮಣ್ಣು. ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆ: ಕೆಂಪು ಮಣ್ಣು ಮತ್ತು ಎರೆ ಮಣ್ಣು. ಕೆಂಪು ಮಣ್ಣು ಮನೆ ಕಟ್ಟುವವರಿಗೆ ಹೆಚ್ಚು ಕಾಟ ಕೊಡುವುದಿಲ್ಲ. ಎರೆ ಮಣ್ಣು ಹಾಗಲ್ಲ. ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿಗೆ ಕೈ ಇಳಿಯುವುದನ್ನು ನೋಡಿರುತ್ತೀರಿ. ಅದರ ಮೇಲೆ ಸಾಮಾನ್ಯ ಪಾಯ ಹಾಕಿ ಮನೆ ಕಟ್ಟಿದರೆ ಮಳೆಗಾಲದಲ್ಲಿ ಮನೆಯ ಒಂದು ಮಗ್ಗುಲು ಏಳುತ್ತದೆ, ಬೇಸಿಗೆಯಲ್ಲಿ ಕೂರುತ್ತದೆ. ಎರಡು ಮೂರು ವರ್ಷಕ್ಕೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಕಾಣಿಸುತ್ತದೆ. ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ. ಆಗ ಬಡಗಿಯನ್ನು ಕರೆಸಿ ಬಾಗಿಲು ಹೆರೆಸುತ್ತಾರೆ. ಪಾಪ, ತಪ್ಪು ಬಾಗಿಲದ್ದಲ್ಲ.

ಹವಾಮಾನ ಇಲ್ಲಿ ಬಂದು ಸೇರುತ್ತದೆ. ಮಣ್ಣಿನ ಹಿಗ್ಗುವಿಕೆ-ಕುಗ್ಗುವಿಕೆ ಒದ್ದೆ ಮತ್ತು ಒಣಗಿದ ಸ್ಥಿತಿಯ ನಡುವಿನ ಅಂತರವನ್ನು ಅವಲಂಬಿಸಿದೆ. ಒಂದು ವರ್ಷ ಬರ, ಮುಂದಿನ ವರ್ಷ ಅತಿವೃಷ್ಟಿ ಆದರೆ ಮಣ್ಣಿನ ಉಸಿರಾಟ ಜೋರಾಗುತ್ತದೆ. ಇಷ್ಟು ದಿನ ಬಿರುಕು ಬಿಡದಿದ್ದ ಮನೆಯೂ ಆಗ ಬಿಡಬಹುದು.

ನಿಮ್ಮ ಸೈಟಿನ ಮಣ್ಣು ಎಷ್ಟು ಹಿಗ್ಗುತ್ತದೆ ಅಂತ ಮನೆಯಲ್ಲೇ ಒರಟಾಗಿ ನೋಡಬಹುದು. ಪ್ರಯೋಗಾಲಯದಲ್ಲಿ ಮಾಡುವ ಪರೀಕ್ಷೆಯ ಸರಳ ರೂಪ ಇದು. ಮೇಲ್ಮಣ್ಣು ಬಿಟ್ಟು, ಪಾಯ ಕೂರುವ ಆಳದಿಂದ ಒಂದು ಹಿಡಿ ಮಣ್ಣು ತನ್ನಿ. ಒಣಗಿಸಿ, ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಒಂದೇ ಅಳತೆಯ ಎರಡು ಉದ್ದನೆ ಗಾಜಿನ ಲೋಟಗಳಿಗೆ ಸಮವಾಗಿ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ. (ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ, ಪರಿಚಯದ ಗ್ಯಾರೇಜಿನಲ್ಲಿ ಕೇಳಿ. ಮಕ್ಕಳ ಕೈಗೆ, ಒಲೆ ಹತ್ತಿರಕ್ಕೆ ಬೇಡ.) ಕಡ್ಡಿಯಿಂದ ಕಲಕಿ, ಗುಳ್ಳೆ ಹೋದ ಮೇಲೆ ಒಂದು ಪೂರ್ತಿ ದಿನ ಬಿಡಿ. ಎರೆ ಮಣ್ಣಿನ ಕಣಗಳು ಪುಟದ ಮೇಲೆ ಪುಟ ಇಟ್ಟ ಪುಸ್ತಕದ ಹಾಗಿರುತ್ತವೆ. ನೀರು ಆ ಪುಟಗಳ ಮಧ್ಯೆ ನುಗ್ಗಿ ಅಗಲಿಸುತ್ತದೆ, ಸೀಮೆಎಣ್ಣೆಗೆ ಅದು ಆಗುವುದಿಲ್ಲ. ಮರುದಿನ ಎರಡರಲ್ಲೂ ಕೆಳಗೆ ಕೂತ ಮಣ್ಣಿನ ಎತ್ತರ ಅಳೆಯಿರಿ. ನೀರಿನ ಲೋಟದ ಮಣ್ಣು ಸೀಮೆಎಣ್ಣೆಯದಕ್ಕಿಂತ ಒಂದೂವರೆ ಪಟ್ಟು ದಾಟಿದರೆ ಎಚ್ಚರ ಬೇಕು. ಎರಡು ಪಟ್ಟು ದಾಟಿದರೆ ಇಂಜಿನಿಯರ್ ಇಲ್ಲದೆ ಪಾಯ ತೋಡಬೇಡಿ.

ಹಾಗಂತ ಎರೆ ಮಣ್ಣಿನಲ್ಲಿ ಮನೆಯೇ ಕಟ್ಟಬಾರದು ಅಂತಲ್ಲ. ಎರೆ ಪದರ ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು ಗಟ್ಟಿ ನೆಲದ ಮೇಲೆ ಪಾಯ ಕೂರಿಸುತ್ತಾರೆ. ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಒಂದು ವಿಧಾನ ಇದೆ, ಅಂಡರ್‌ರೀಮ್ಡ್ ಪೈಲ್ ಅನ್ನುತ್ತಾರೆ. ಈರುಳ್ಳಿ ಗಿಡ ಮಣ್ಣಲ್ಲಿ ಕೂತ ಹಾಗೆ: ಮೇಲೆ ಸಣ್ಣ ದಂಟು, ಕೆಳಗೆ ದಪ್ಪ ಗೆಡ್ಡೆ. ಕಾಂಕ್ರೀಟಿನ ಈ ಗೆಡ್ಡೆ ಸುಮಾರು ಮೂರೂವರೆ ಮೀಟರ್ ಆಳದಲ್ಲಿ ಇರುತ್ತದೆ. ಅಷ್ಟು ಕೆಳಗೆ ಮಳೆ ಬಿಸಿಲಿನ ಆಟ ಹೆಚ್ಚು ತಟ್ಟುವುದಿಲ್ಲ. ಮೇಲಿನ ಮಣ್ಣು ಎಷ್ಟೇ ಕುಣಿದರೂ ಗೆಡ್ಡೆ ಮನೆಯನ್ನು ಹಿಡಿದಿರುತ್ತದೆ. ಪಾಯದ ಮೇಲೆ ಸುತ್ತಲೂ ಕಬ್ಬಿಣ ಕಟ್ಟಿ ಹಾಕುವ ಬೆಲ್ಟ್ ಕಾಂಕ್ರೀಟ್ ಮಾತ್ರ ಯಾವ ಮಣ್ಣಿಗೂ ಬೇಕು. ಪೀಪಾಯಿಗೆ ಕಬ್ಬಿಣದ ಪಟ್ಟಿ ಹೊಡೆದ ಹಾಗೆ ಅದು ಗೋಡೆಗಳನ್ನೆಲ್ಲ ಒಟ್ಟಿಗೆ ಹಿಡಿಯುತ್ತದೆ.

ಎರೆ ಮಣ್ಣಿಗಿಂತ ಮೋಸದ್ದು ತುಂಬಿದ ಮಣ್ಣು. ಹಳ್ಳಕ್ಕೆ, ಕಲ್ಲು ತೆಗೆದ ಗುಂಡಿಗೆ, ಗದ್ದೆಗೆ ಕಟ್ಟಡದ ಗಾರೆ-ಇಟ್ಟಿಗೆ ಚೂರು ಸುರಿದು, ಮೇಲೊಂದು ಪದರ ಕೆಂಪು ಮಣ್ಣು ಹರಡಿದರೆ ನೋಡಲು ಚೆನ್ನಾಗಿಯೇ ಕಾಣುತ್ತದೆ. ಮನೆಯ ಭಾರ ಬಿದ್ದ ಮೇಲೆ, ನೀರು ಇಳಿದ ಮೇಲೆ ಅದು ಒಂದೊಂದು ಕಡೆ ಒಂದೊಂದು ಥರ ಕುಸಿಯುತ್ತದೆ. ಸೈಟಿನ ಎರಡು ಮೂಲೆಯಲ್ಲಿ ಆಳು ಮುಳುಗುವಷ್ಟು ಗುಂಡಿ ತೆಗೆಸಿ ನೋಡಿದರೆ ಪ್ಲಾಸ್ಟಿಕ್ ಚೀಲ, ಹೆಂಚಿನ ಚೂರು ಸಿಗುತ್ತದೋ ಇಲ್ಲವೋ ತಿಳಿಯುತ್ತದೆ. ದೊಡ್ಡ ಕಟ್ಟಡವಾದರೆ ಮಣ್ಣು ಪರೀಕ್ಷೆಯವರು ಬಂದು 63.5 ಕೆಜಿ ತೂಕವನ್ನು 75 ಸೆಂಟಿಮೀಟರ್ ಮೇಲಿಂದ ಬಿಟ್ಟು ಬಿಟ್ಟು, ಒಂದು ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಅಂತ ಎಣಿಸುತ್ತಾರೆ. ಪೆಟ್ಟು ಜಾಸ್ತಿ ಬೇಕಾದಷ್ಟೂ ನೆಲ ಗಟ್ಟಿ. ಇಷ್ಟೇ ಆ ಪರೀಕ್ಷೆಯ ಗುಟ್ಟು.

ನೀರು ಕೆಳಗಿನಿಂದಲೂ ಬರುತ್ತದೆ

ಮಂಡ್ಯದ ಕಡೆಯವರಿಗೆ ಇದು ಹೊಸದಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟರೆ ಅಚ್ಚುಕಟ್ಟಿನ ತಗ್ಗು ಜಾಗಗಳಲ್ಲಿ ನೆಲದೊಳಗಿನ ನೀರೂ ಮೇಲಕ್ಕೆ ಬರುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಇಟ್ಟಿಗೆ, ಗಾರೆ ಈ ತೇವವನ್ನು ಹೀರುತ್ತವೆ. ಗೋಡೆಯ ಕೆಳಗಿನ ಎರಡು ಮೂರು ಅಡಿ ಬಣ್ಣ ಉಬ್ಬಿ, ಬಿಳಿ ಉಪ್ಪು ಹೊಮ್ಮಿ, ಪುಡಿ ಪುಡಿಯಾಗಿ ಉದುರುವುದು ಅದಕ್ಕೇ. ಮತ್ತೆ ಬಣ್ಣ ಹೊಡೆದರೆ ಆರು ತಿಂಗಳು ಚೆಂದ. ಬತ್ತಿಯನ್ನು ಮಧ್ಯದಲ್ಲೇ ಕತ್ತರಿಸಬೇಕು. ಪಾಯ ಮುಗಿದು ಗೋಡೆ ಶುರುವಾಗುವ ಜಾಗದಲ್ಲಿ ನೀರು ಹೀರದ ಒಂದು ಪದರ ಹಾಕುವುದು ಇದಕ್ಕಾಗಿ. ಗೋಡೆ ಏರಿದ ಮೇಲೆ ಅದನ್ನು ಹಾಕುವುದು ಬಹಳ ಕಷ್ಟ, ದುಬಾರಿ.

ಸಂಪಿನ ವಿಷಯ ಕೇಳಿದರೆ ಕೆಲವರು ನಂಬುವುದಿಲ್ಲ. ನೆಲದೊಳಗಿನ ನೀರು ಮೇಲೆ ಬಂದಾಗ ಖಾಲಿ ಸಂಪು ದೋಣಿಯ ಹಾಗೆ ತೇಲಲು ನೋಡುತ್ತದೆ. 5,000 ಲೀಟರಿನ ಸಂಪು ಪೂರ್ತಿ ಅಂಥ ನೀರಿನಲ್ಲಿ ಮುಳುಗಿದ್ದರೆ ಅದನ್ನು ಮೇಲಕ್ಕೆ ತಳ್ಳುವ ಬಲ ಐದು ಟನ್ನಿಗೂ ಮೇಲೆ. ತೆಳು ಗೋಡೆಯ, ರೆಡಿಮೇಡ್ ಪ್ಲಾಸ್ಟಿಕ್ ಟ್ಯಾಂಕು ಹೂತಿದ್ದರೆ ಅಂಗಳ ಬಿರಿದು ಎದ್ದು ಬರಬಹುದು. ಇಂಥ ಜಾಗದಲ್ಲಿ ಮಳೆಗಾಲದಲ್ಲಿ ಸಂಪು ತೊಳೆಯಲು ಪೂರ್ತಿ ಖಾಲಿ ಮಾಡದಿರುವುದು ಜಾಣತನ.

ನಮ್ಮ ಚಿಕ್ಕಪ್ಪನ ಮಗನ ಬಚ್ಚಲಿನದು ಮತ್ತೊಂದು ಕತೆ. ಮನೆಯ ಒಳಚರಂಡಿ ಪೈಪು ಬೀದಿಯ ಚೇಂಬರಿಗೆ ಸೇರುತ್ತದೆ. ಮಳೆ ನೀರು ನುಗ್ಗಿ ಆ ಚೇಂಬರು ತುಂಬಿದರೆ ನೀರಿಗೆ ಹಿಂದಕ್ಕೆ ಬರುವ ದಾರಿಯೂ ಅದೇ ಪೈಪು. ಮನೆಯ ನೆಲ ಬೀದಿ ಚೇಂಬರಿನ ಮುಚ್ಚಳಕ್ಕಿಂತ ತಗ್ಗಿದ್ದರೆ ಚೇಂಬರು ಉಕ್ಕುವ ಮೊದಲೇ ಬಚ್ಚಲು ಉಕ್ಕುತ್ತದೆ. ಒಂದೇ ಕಡೆಗೆ ತೆರೆಯುವ ವಾಲ್ವ್ ಹಾಕಿಸಿದರೆ ತಡೆಯಬಹುದು. ಅದಕ್ಕಿಂತ ಒಳ್ಳೆಯದು ಪ್ಲಿಂತ್, ಅಂದರೆ ಮನೆಯ ನೆಲಮಟ್ಟ, ರಸ್ತೆಯ ನಡುಮಟ್ಟಕ್ಕಿಂತ ಸಾಕಷ್ಟು ಎತ್ತರ ಇರುವುದು. ಹೊಸ ಲೇಔಟಿನಲ್ಲಿ ರಸ್ತೆಗೆ ಇನ್ನೂ ಜಲ್ಲಿ, ಡಾಂಬರು ಬೀಳಬೇಕಿರುತ್ತದೆ. ಮುಂದೆಯೂ ಒಂದರ ಮೇಲೊಂದು ಪದರ ಬೀಳುತ್ತಲೇ ಇರುತ್ತದೆ. ಇವತ್ತಿನ ಮಣ್ಣು ರಸ್ತೆ ನೋಡಿ ಪ್ಲಿಂತ್ ಗುರುತು ಹಾಕಿದರೆ ಹತ್ತು ವರ್ಷಕ್ಕೆ ಮನೆ ಹಳ್ಳದಲ್ಲಿರುತ್ತದೆ.

ಬಿದ್ದ ನೀರನ್ನು ಹಿಡಿದಿಟ್ಟುಕೊಂಡರೆ ಎರಡು ಲಾಭ. ಸಾವಿರ ಚದರ ಅಡಿ ತಾರಸಿಯ ಮೇಲೆ ಮೈಸೂರಿನ ಒಂದು ವರ್ಷದ ಮಳೆ ಸುಮಾರು 74,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 59,000 ಉಳಿಯಿತು. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಇಟ್ಟುಕೊಂಡರೂ ನಾಲ್ಕು ಜನರ ಮನೆಗೆ ಮೂರೂವರೆ ತಿಂಗಳಿಗೆ ಬೇಕಾಗುವಷ್ಟು. ಅಷ್ಟನ್ನೂ ಒಟ್ಟಿಗೆ ಕೂಡಿಡುವ ತೊಟ್ಟಿ ಯಾರ ಮನೆಯಲ್ಲೂ ಇರುವುದಿಲ್ಲ, ಬಂದಾಗ ಬಂದಷ್ಟು ಹಿಡಿದು ಬಳಸಬೇಕು, ಮಿಕ್ಕಿದ್ದನ್ನು ಇಂಗಿಸಬೇಕು. ಮಳೆ ಹೊಡೆಯುವ ಆ ಒಂದು ಗಂಟೆಯಲ್ಲಿ ಬೀದಿಗೆ ಹೋಗುವ ನೀರು ಅಷ್ಟು ಕಡಿಮೆ.

ತಾರಸಿ ಅನ್ನುವ ಕಾವಲಿ

ಮೈಸೂರು 12 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ 22-23ರ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ, ಕಂಬಕ್ಕೆ ನೆರಳೇ ಇರುವುದಿಲ್ಲ. ಅಂದರೆ ಸೆಖೆಗಾಲದ ಬಿಸಿಲು ಗೋಡೆಗಿಂತ ಜಾಸ್ತಿ ಬೀಳುವುದು ತಾರಸಿಗೆ. ಎಲ್ಲರೂ ಮುಂದಿನ ಗೋಡೆಯ ಎಲಿವೇಶನ್ನಿಗೆ ದುಡ್ಡು ಸುರಿಯುತ್ತಾರೆ, ತಾರಸಿ ಬರೀ ಮೋಲ್ಡ್ ಹಾಕಿ ಬಿಟ್ಟಿರುತ್ತಾರೆ.

ಚಾಮುಂಡಿ ಬೆಟ್ಟದ ಮೆಟ್ಟಿಲ ಪಕ್ಕದ ಬಂಡೆಯ ಮೇಲೆ ಸಂಜೆ ಹೊತ್ತು ಕೂತಿದ್ದೀರಾ? ಸೂರ್ಯ ಇಳಿದ ಮೇಲೂ ಬಂಡೆ ಬೆಚ್ಚಗಿರುತ್ತದೆ. ಕಾಂಕ್ರೀಟು ಹಾಗೆಯೇ. ಹಗಲೆಲ್ಲ ಬಿಸಿ ಕುಡಿದು, ರಾತ್ರಿ ಕೆಳಗಿನ ಕೋಣೆಗೆ ಬಿಡುತ್ತದೆ. ಮೊದಲು ರಾತ್ರಿ ಹೊರಗಿನ ಗಾಳಿ ತಣ್ಣಗಿರುತ್ತಿತ್ತು, ಕಿಟಕಿ ತೆಗೆದರೆ ಆಗುತ್ತಿತ್ತು. ರಾತ್ರಿಯ ಸೆಖೆಯೂ ಏರುತ್ತಿರುವಾಗ, ಸುತ್ತ ಬರೀ ಕಾಂಕ್ರೀಟೇ ಇರುವಾಗ ಆ ದಾರಿ ಮುಚ್ಚುತ್ತಿದೆ.

ಮದ್ದು ಮೂರು ಹಂತದಲ್ಲಿದೆ. ಮೊದಲನೆಯದು ಬಿಸಿಲನ್ನು ವಾಪಸು ಕಳಿಸುವುದು. ತಾರಸಿಗೆ ಸುಣ್ಣವೋ, ಬಿಸಿಲು ತಿರುಗಿಸುವ ಬಿಳಿ ಬಣ್ಣವೋ ಬಳಿಯುವುದು. ಅರ್ಧ ತಾರಸಿಗೆ ಬಳಿದು ಮಧ್ಯಾಹ್ನ ಮೂರಕ್ಕೆ ಬರಿಗಾಲಲ್ಲಿ ಎರಡೂ ಕಡೆ ನಿಂತು ನೋಡಿ. ಎರಡನೆಯದು ಬಿಸಿ ಒಳಗೆ ಇಳಿಯದಂತೆ ತಡೆಯುವುದು. ಗಾಳಿ ತುಂಬಿದ ಜಾಗದ ಮೂಲಕ ಬಿಸಿ ಸುಲಭವಾಗಿ ಹಾಯುವುದಿಲ್ಲ, ಕಂಬಳಿ ಕೆಲಸ ಮಾಡುವುದೂ ಹೀಗೇ. ಸ್ಲ್ಯಾಬಿನ ಮೇಲೆ ಮಡಕೆ ಬೋರಲು ಹಾಕಿ ಗಾರೆ ಹೊದಿಸುವುದು, ಪೊಳ್ಳು ಹೆಂಚಿನ ಬಿಲ್ಲೆ ಹಾಸುವುದು, ಥರ್ಮಾಕೋಲಿನಂಥ ಹಲಗೆ ಕೂರಿಸಿ ಮೇಲೆ ಗಾರೆ ಮಾಡುವುದು, ಎಲ್ಲ ಒಂದೇ ತತ್ವ. ಮೂರನೆಯದು ನೆರಳು. ಸೋಲಾರ್ ಫಲಕ ಹಾಕಿಸಿದರೂ ಅದರ ಕೆಳಗಿನ ತಾರಸಿ ತಂಪಾಗಿರುತ್ತದೆ.

ಗೋಡೆಗಳಲ್ಲಿ ಕಾಡುವುದು ಪಡುವಣದ್ದು. ಸಂಜೆಯ ಓರೆ ಬಿಸಿಲನ್ನು ಸಜ್ಜಾ ತಡೆಯುವುದಿಲ್ಲ. ಮೆಟ್ಟಿಲು, ಬಚ್ಚಲು, ಸ್ಟೋರ್ ರೂಮು ಆ ಕಡೆ ಹೋದರೆ ಮಲಗುವ ಕೋಣೆ ಉಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯನ್ನು ಜನಬಳಕೆಗೆ ತಂದಿತು. ಸುಡುವುದಕ್ಕೆ ಸೌದೆ, ಕಲ್ಲಿದ್ದಲು ಬೇಡ. ಆದರೆ ಅಂಥ ಗೋಡೆಗೆ ಮಳೆ ಹೊಡೆತ ಬೀಳದ ಹಾಗೆ ಚಾವಣಿ ಹೊರಕ್ಕೆ ಚಾಚಿರಬೇಕು.

ನಮ್ಮ ಕಡೆಯ ತೊಟ್ಟಿ ಮನೆಗಳಲ್ಲಿ ಬಿಸಿಗಾಳಿ ನಡುವಿನ ತೊಟ್ಟಿಯಿಂದ ಮೇಲೇರಿ ಹೋಗುತ್ತಿತ್ತು, ಜಗುಲಿ ಕಡೆಯಿಂದ ತಂಪು ಗಾಳಿ ಒಳಗೆ ಬರುತ್ತಿತ್ತು. 30-40ರಲ್ಲಿ ತೊಟ್ಟಿ ಬಿಡಲು ಜಾಗ ಎಲ್ಲಿದೆ ಅಂತೀರಿ. ನಿಜ. ಮೆಟ್ಟಿಲ ಮೇಲಿನ ಹೆಡ್‌ರೂಮಿನಲ್ಲಿ ಜಾಲರಿ ಹಾಕಿದ ಗವಾಕ್ಷಿ ಇಟ್ಟರೂ ಬಿಸಿಗಾಳಿಗೆ ಮೇಲೆ ಒಂದು ಬಾಗಿಲು ಸಿಕ್ಕಿತು. ಎದುರು ಬದುರು ಕಿಟಕಿ ಇರಬೇಕು ಅನ್ನುವುದಂತೂ ಹಳೇ ಮಾತು, ಆದರೆ ಪಕ್ಕದ ಮನೆಯ ಗೋಡೆ ಎರಡು ಅಡಿಯಲ್ಲಿದ್ದರೆ ಆ ಕಿಟಕಿ ಬರೀ ನಕ್ಷೆಯಲ್ಲಿ ಕಿಟಕಿ.

2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ವಸತಿ ಕಟ್ಟಡಗಳಿಗೆ ಅಂತಲೇ 'ಇಕೋ ನಿವಾಸ್ ಸಂಹಿತೆ' ತಂದಿತು. ತಾರಸಿ, ಗೋಡೆ, ಕಿಟಕಿಗಳಿಂದ ಎಷ್ಟು ಬಿಸಿ ಒಳಗೆ ಬರಬಹುದು ಅನ್ನುವುದಕ್ಕೆ ಅದು ಮಿತಿ ಹಾಕುತ್ತದೆ. ನಿಮ್ಮ ಆರ್ಕಿಟೆಕ್ಟಿಗೆ ಈ ಹೆಸರು ಹೇಳಿ ಕೇಳಬಹುದು.

ಮೋಲ್ಡ್ ಹಾಕುವ ದಿನ

ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸೇರಿ. ಬಿಸಿಲಿಗೆ ನೀರು ಆವಿಯಾಗಿ ಹೋದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಈಗ ಹೆಚ್ಚಾಗಿ ಸಿಗುವುದು ಹಾರುಬೂದಿ ಬೆರೆತ ಸಿಮೆಂಟು. ಅದಕ್ಕೆ ಕನಿಷ್ಠ ಹತ್ತು ದಿನ ಕ್ಯೂರಿಂಗ್, ಅಂದರೆ ಒಣಗದಂತೆ ಒದ್ದೆಯಾಗಿಡುವುದು, ಬೇಕು ಅನ್ನುತ್ತದೆ ನಿಯಮ, ಹದಿನಾಲ್ಕು ದಿನ ಮಾಡಿದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಬೆಳಗ್ಗೆ ಒಂದು ಸಲ ಪೈಪು ಹಿಡಿದರೆ ಸಾಲದು. ಮಡಿ ಕಟ್ಟಿ ನೀರು ನಿಲ್ಲಿಸಬೇಕು, ಕಾಲಂಗಳಿಗೆ ಒದ್ದೆ ಗೋಣಿ ಸುತ್ತಬೇಕು.

ಇನ್ನೊಂದು, ಕಲಸುವಾಗ "ಸ್ವಲ್ಪ ಲೂಸ್ ಮಾಡ್ಕೊಳಿ" ಅಂತ ಯಾರೋ ಒಬ್ಬರು ಒಂದು ಬಕೆಟ್ ಜಾಸ್ತಿ ನೀರು ಹುಯ್ಯುತ್ತಾರೆ. ಕೆಲಸ ಸಲೀಸು. ಆ ಹೆಚ್ಚಿನ ನೀರು ಆಮೇಲೆ ಹೊರಗೆ ಹೋಗುವಾಗ ಬಿಟ್ಟುಹೋಗುವ ಸಣ್ಣ ಸಣ್ಣ ತೂತುಗಳಿಂದಲೇ ಮುಂದೆ ಮಳೆ ನೀರು ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಯುವುದು. ಅವತ್ತು ಮನೆಯವರು ಊಟ ಹಾಕಿಸುವ ಗಡಿಬಿಡಿಯಲ್ಲಿರುತ್ತಾರೆ. ಒಬ್ಬರಾದರೂ ಮಿಕ್ಸರ್ ಪಕ್ಕ ನಿಂತಿರಬೇಕು, ಟಾರ್ಪಾಲು ಕೈಗೆ ಸಿಗುವ ಹಾಗೆ ಇರಬೇಕು. ಏಪ್ರಿಲ್-ಮೇ ಮಳೆ ಹೇಳಿ ಕೇಳಿ ಬರುವುದಿಲ್ಲ.

ಗಾಳಿ ಬಗ್ಗೆ ಒಂದೇ ಮಾತು. ಮುಂಗಾರಿಗೆ ಮೊದಲಿನ ಬಿರುಗಾಳಿಗೆ ಹಾರುವುದು ತಾರಸಿಯ ಮೇಲಿನ ಶೀಟು. ಗಾಳಿ ಶೀಟನ್ನು ಮೇಲಿಂದ ಒತ್ತುವುದಕ್ಕಿಂತ ಕೆಳಗಿಂದ ಎತ್ತುತ್ತದೆ, ಹಾಗಾಗಿ ಮೇಲೆ ಕಲ್ಲು ಹೇರಿದರೆ ಸಾಲದು, ಬೋಲ್ಟ್ ಹಾಕಿ ಕಟ್ಟಡಕ್ಕೆ ಬಿಗಿಯಬೇಕು. ಕಲ್ಲು ಪಕ್ಕದ ಮನೆಯ ಮೇಲೆ ಬೀಳುತ್ತದೆ ಅಷ್ಟೇ.

ಇರುವ ದುಡ್ಡು ಮೊದಲು ಎಲ್ಲಿಗೆ?

ಟೈಲ್ಸು, ಮಾಡ್ಯುಲರ್ ಕಿಚನ್ನು, ಫಾಲ್ಸ್ ಸೀಲಿಂಗ್ ಐದು ವರ್ಷ ಬಿಟ್ಟು ಮಾಡಿಸಿಕೊಳ್ಳಬಹುದು. ಸೈಟಿನ ಜಾಗ, ಪಾಯದ ಆಳ, ಪ್ಲಿಂತ್ ಎತ್ತರ, ಗೋಡೆಯ ಬುಡದ ತೇವ ತಡೆ ಇವನ್ನು ಆಮೇಲೆ ಬದಲಾಯಿಸಲು ಆಗುವುದಿಲ್ಲ, ಆದರೂ ಮನೆ ಕಟ್ಟಿದಷ್ಟೇ ಖರ್ಚು. ತಾರಸಿ ಎರಡರ ಮಧ್ಯೆ ಇದೆ. ಬಣ್ಣ ಯಾವಾಗಲಾದರೂ ಬಳಿಯಬಹುದು, ನೀರು ಹರಿಯುವ ಇಳಿಜಾರನ್ನು ಮಾತ್ರ ಮೊದಲೇ ಸರಿಯಾಗಿ ಕೊಡಿಸಬೇಕು.

ಚಿಕ್ಕಪ್ಪನ ಮಗ ಮಾಡಿಸಿದ್ದು ಮೂರು ಕೆಲಸ. ಒಳಚರಂಡಿ ಪೈಪಿಗೆ ವಾಲ್ವ್, ತಾರಸಿಗೆ ಬಿಳಿ ಬಣ್ಣ, ಮುಂಬಾಗಿಲಿಗೆ ಒಂದು ಮೆಟ್ಟಿಲು ಎತ್ತರದ ಹೊಸ್ತಿಲು. ಮಕ್ಕಳು ಮತ್ತೆ ಮೇಲೆ ಮಲಗುತ್ತಿದ್ದಾರೆ. ಈಗ ಪಕ್ಕದ ಸೈಟಿನವರು ಪಾಯ ತೋಡಿಸುತ್ತಿದ್ದಾರೆ. ಅವನ ಪಾಡು ನೋಡಿ ಅವರು ರಸ್ತೆಯಿಂದ ಮೂರೂವರೆ ಅಡಿ ಎತ್ತರಕ್ಕೆ ಪ್ಲಿಂತ್ ಏರಿಸುತ್ತಾರಂತೆ, ಸೈಟಿಗೆಲ್ಲ ಮಣ್ಣು ಹೊಡೆಸುತ್ತಿದ್ದಾರೆ. ಅವರ ಮಟ್ಟಿಗೆ ಅದು ಸರಿಯೇ. ಇಷ್ಟು ದಿನ ಆ ಖಾಲಿ ಸೈಟಿನಲ್ಲಿ ನಿಲ್ಲುತ್ತಿದ್ದ ನೀರು ಈ ಮೇ ತಿಂಗಳಲ್ಲಿ ಯಾವ ಕಡೆ ಹೊರಳುತ್ತದೆ ಅಂತ ಇಬ್ಬರೂ ಸೇರಿ ಮೋರಿ ಅಳೆಯುತ್ತಿದ್ದಾರೆ.